ಹಳದಿ ಕೆಂಪಾಗುವ ಹೊತ್ತು

"ಬುದ್ಧಿ, ವಿಡಿಯೊ ನೋಡುವವರಲ್ಲಿ ಕೊಳ್ಳಲು ಬಂದವರು ಯಾರು, ಕದಿಯಲು ಬಂದವರು ಯಾರು ಎಂದು ತಿಳಿಯುವುದು ಹೇಗೆ?"

ಕೇಳಿದವನು ಗುರುಮಲ್ಲು. ಹೆಂಡತಿಯೊಂದಿಗೆ ರಾಗಿ ಹುರಿಹಿಟ್ಟು ಮಾಡಿ ಮಾರುವವನು. ಹೊಸದಾಗಿ ಮೊಬೈಲಿನಲ್ಲಿ ವಿಡಿಯೊ ಮಾಡಿ ಹಾಕಲು ತೊಡಗಿದ್ದ. ರಾಗಿ ತೊಳೆಯುವುದನ್ನು ತೋರಿಸುತ್ತಿದ್ದ, ಹಿಟ್ಟನ್ನು ಜರಡಿ ಹಿಡಿಯುವುದನ್ನು ತೋರಿಸುತ್ತಿದ್ದ. ಹುರಿಯುವ ಒಲೆಗೆ ಮಾತ್ರ ಪರದೆ ಕಟ್ಟಿದ್ದ. ಆ ಹದ ಅವನಿಗೆ ತಾಯಿಯಿಂದ ಬಂದದ್ದು. ಅದನ್ನು ಯಾರಾದರೂ ಹೊಡೆದುಕೊಂಡು ಹೋದರೆ ತನ್ನ ಗತಿಯೇನು ಎಂಬ ಚಿಂತೆ ಅವನನ್ನು ಮಠದವರೆಗೆ ಎಳೆದು ತಂದಿತ್ತು.

ಗುರುಗಳು ಅವನನ್ನು ಒಮ್ಮೆ ದಿಟ್ಟಿಸಿ ನೋಡಿದರು. "ಕೂತುಕೋ. ಒಂದು ಕತೆ ಹೇಳುತ್ತೇನೆ. ಮೊಬೈಲು ಜೇಬಿನಲ್ಲೇ ಇರಲಿ" ಎಂದರು.

ಒಂದು ಊರಿನಲ್ಲಿ ಒಬ್ಬ ಕುಂಕುಮದ ವ್ಯಾಪಾರಿ ಇದ್ದ. ಕುಂಕುಮವನ್ನು ತಾನೇ ಮಾಡಿ ಮಾರುತ್ತಿದ್ದ. ಅರಿಶಿನದ ಕೊಂಬನ್ನು ಚೂರು ಮಾಡಿ, ನಿಂಬೆರಸಕ್ಕೆ ಬಿಳಿಗಾರ ಬೆರೆಸಿ, ಅದರಲ್ಲಿ ನೆನೆಹಾಕಿ ನೆರಳಿನಲ್ಲಿ ಒಣಗಿಸುತ್ತಿದ್ದ. ಒಣಗುತ್ತ ಒಣಗುತ್ತ ಹಳದಿ ಹೋಗಿ ಕೆಂಪು ಬರುತ್ತಿತ್ತು. ಆಮೇಲೆ ಕುಟ್ಟಿ, ಸೋಸಿ, ತುಪ್ಪದ ಕೈಯಾಡಿಸಿದರೆ ಕುಂಕುಮ. ಬಣ್ಣದ ಪುಡಿ ಹಚ್ಚಿ ಹಣೆ ಸುಟ್ಟುಕೊಂಡವರು ಇವನ ಅಂಗಡಿಯನ್ನು ಹುಡುಕಿಕೊಂಡು ಬರುತ್ತಿದ್ದರು. ಅವನ ಸರಕಿನಲ್ಲಿ ಎಳ್ಳಷ್ಟೂ ಕಲಬೆರಕೆ ಇರಲಿಲ್ಲ. ಈ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೋ, ಗುರುಮಲ್ಲು.

ಪೇಟೆಗೆ ಅಗ್ಗದ ಪೊಟ್ಟಣಗಳು ಬಂದವು. ಗಿರಾಕಿಗಳು ಕಡಿಮೆಯಾದರು. ಅಂಗಡಿ ಉಳಿಯುವುದೇ ಕಷ್ಟ ಎನ್ನುವ ಹಾಗಾಯಿತು. ಆಗ ಹೆಂಡತಿಯೇ ದಾರಿ ಹೇಳಿದಳು. ನಾವು ಮಾಡುವುದನ್ನು ವಿಡಿಯೊ ಮಾಡಿ ಹಾಕೋಣ, ನೋಡಿದವರು ನಂಬುತ್ತಾರೆ ಎಂದಳು.

ವ್ಯಾಪಾರಿಗೆ ಮಾತು ಹಿಡಿಸಿತು. ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಶುರುಮಾಡಿದ. ಮೊದಲ ವಿಡಿಯೊದಲ್ಲಿ ಅವನ ತಲೆಯೇ ಇರಲಿಲ್ಲ, ಬರೀ ಹೊಟ್ಟೆ ಮಾತಾಡುತ್ತಿತ್ತು. ಎರಡನೆಯದರಲ್ಲಿ ಎದುರು ಮನೆಯ ಹಿಟ್ಟಿನ ಗಿರಣಿಯ ಸದ್ದೇ ಮಾತಾಡಿತು. ಹೊಸಬರಿಗೆ ಇದೆಲ್ಲ ಇದ್ದದ್ದೇ. ಮೆಲ್ಲಗೆ ಕಲಿತ. ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರುವುದನ್ನು ಕಲಿತ, ನಾಲ್ಕು ಮಾತಿನಲ್ಲಿ ಮುಗಿಸುವುದನ್ನು ಕಲಿತ. ಜನ ನೋಡತೊಡಗಿದರು. ಕಂಡರಿಯದ ಊರುಗಳಿಂದ ಕುಂಕುಮ ಕಳಿಸಿ ಎಂದು ಕೇಳತೊಡಗಿದರು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ನೋಡುವವರು ಹೆಚ್ಚಿದಂತೆ ಅವನ ನಿದ್ದೆ ಕಡಿಮೆಯಾಯಿತು. ಇಷ್ಟು ಜನ ಯಾಕೆ ನೋಡುತ್ತಿದ್ದಾರೆ? ಎಲ್ಲರೂ ಕುಂಕುಮ ಇಡುವವರೇ? ಪೂಜೆ ಸಾಮಾನು ಮಾರುವ ಪಕ್ಕದ ಗ್ರಂಧಿಗೆ ಅಂಗಡಿಯವನು ಈ ನಡುವೆ ಕಂಡಾಗಲೆಲ್ಲ ನಗುತ್ತಾನೆ, ಅವನಿಗೆ ಅಷ್ಟು ನಗು ಎಲ್ಲಿಂದ ಬಂತು? ಹೀಗೆ ಒಂದೊಂದೇ ಯೋಚಿಸಿ, ಕೊನೆಗೆ ಒಂದು ತೀರ್ಮಾನಕ್ಕೆ ಬಂದ. ಹಳದಿ ಕೆಂಪಾಗುವ ಭಾಗವನ್ನು ವಿಡಿಯೊದಿಂದ ಕತ್ತರಿಸಿದ. ಹಳೆಯವುಗಳಿಂದಲೂ ತೆಗೆದುಹಾಕಿದ. ಇನ್ನು ಮೇಲೆ ನೋಡಿದವರಿಗೆ ಒಂದು ಕ್ಷಣ ಹಳದಿ ಚೂರುಗಳು ಕಾಣುತ್ತಿದ್ದವು, ಮರುಕ್ಷಣವೇ ತಟ್ಟೆ ತುಂಬ ಕೆಂಪು ಪುಡಿ.

ಹೆಂಡತಿ ಕೇಳಿದಳು: "ಕೆಂಪಾಗೋದನ್ನೇ ತೋರಿಸ್ದೆ ಹೋದ್ರೆ ಇನ್ನೇನ್ ತೋರಿಸ್ದಂಗಾಯ್ತು?"

"ನಿನಗೆ ಲೋಕ ಗೊತ್ತಿಲ್ಲ, ಸುಮ್ನಿರು" ಎಂದ. ಅಷ್ಟಕ್ಕೇ ಬಿಡಲಿಲ್ಲ. ಇವಳು ಯಾಕೆ ಇಷ್ಟು ಒತ್ತಾಯ ಮಾಡುತ್ತಿದ್ದಾಳೆ ಎಂದು ಅವಳ ಮೇಲೂ ಒಂದು ಕಣ್ಣಿಟ್ಟ. ಅನುಮಾನಕ್ಕೆ ಮನೆಯವರು ಹೊರಗಿನವರು ಎಂಬ ಭೇದವಿಲ್ಲ.

ಲೋಕ ಅವನಿಗೂ ಅಷ್ಟಾಗಿ ಗೊತ್ತಿರಲಿಲ್ಲ. ನೋಡುವವರ ತಲೆಯಲ್ಲಿ ಆ ಕತ್ತರಿಸಿದ ಜಾಗ ಖಾಲಿ ಉಳಿಯಲಿಲ್ಲ. ನಡುವೆ ಏನು ಬೆರೆಸುತ್ತಾನೆ ಎಂದು ಒಬ್ಬ ಬರೆದ. ಬಣ್ಣದ ಡಬ್ಬ ಕಾಣಬಾರದೆಂದು ಕತ್ತರಿಸಿದ್ದಾನೆ ಎಂದು ಇನ್ನೊಬ್ಬ ಬರೆದ. ಓದಿದ ವ್ಯಾಪಾರಿಗೆ ಮೈಯೆಲ್ಲ ಉರಿಯಿತು. ಇದೆಲ್ಲ ಪಕ್ಕದವನೇ ಬರೆಸುತ್ತಿರುವುದು ಎಂದುಕೊಂಡ.

ನೋಡುವವರಲ್ಲಿ ಒಬ್ಬರ ಹೆಸರಿರಲಿಲ್ಲ, ಮುಖವಿರಲಿಲ್ಲ, ಒಂದು ಗಿಣಿಯ ಚಿತ್ರ ಮಾತ್ರ ಇತ್ತು. ಎಲ್ಲರಿಗಿಂತ ಮೊದಲು ನೋಡುವುದು ಅದೇ. ಪ್ರತಿ ಸಲವೂ ಕೆಳಗೆ ಒಂದೇ ಮಾತು: ಅರಿಶಿನ ಕೆಂಪಾಗುವುದನ್ನು ದಯವಿಟ್ಟು ಒಮ್ಮೆ ತೋರಿಸಿ. ವ್ಯಾಪಾರಿಗೆ ಇನ್ನು ಸಂಶಯವೇ ಉಳಿಯಲಿಲ್ಲ. ಬೇಕಾದದ್ದು ಅದೊಂದೇ ಎಂದರೆ ಇವನೇ ಕಳ್ಳ. ನಿನ್ನ ಆಟ ನನಗೆ ಗೊತ್ತು ಎಂದು ಬರೆದು, ಆ ಗಿಣಿಯನ್ನು ಬ್ಲಾಕ್ ಮಾಡಿದ.

ಪ್ರಶ್ನೆ ಕೇಳಿದವರನ್ನು ಬೈದು ಓಡಿಸುತ್ತಾನೆ ಎಂದು ಮಾತು ಹರಡಿತು. ಸ್ವಂತ ಊರಿನವರೂ ಬದಲಾದರು. ಅವನ ತಂದೆಯ ಕಾಲದಿಂದ ಕೊಳ್ಳುತ್ತಿದ್ದ ಹೆಂಗಸರು ಚಿಟಿಕೆ ಕುಂಕುಮವನ್ನು ಅಂಗೈಯಲ್ಲಿ ಉಜ್ಜಿ ನೋಡತೊಡಗಿದರು, ಮೂಸಿ ನೋಡತೊಡಗಿದರು. ಒಬ್ಬಾಕೆ ಅವನೆದುರಿಗೇ ಲೋಟದ ನೀರಿಗೆ ಹಾಕಿ ನೋಡಿದಳು. ಚೊಕ್ಕ ಕುಂಕುಮ ಮಾಡಿದವನಿಗೆ ಇದಕ್ಕಿಂತ ಅವಮಾನ ಬೇರೆ ಬೇಕೆ?

ತಾಳಲಾರದೆ ಒಂದು ದಿನ ಪಕ್ಕದ ಅಂಗಡಿಗೆ ನುಗ್ಗಿ, ನನ್ನ ವಿದ್ಯೆ ಕದಿಯೋಕೆ ನಿಂತಿದ್ದೀಯ ಎಂದು ಜಗಳ ತೆಗೆದ.

ಗ್ರಂಧಿಗೆಯವನು ಬಿದ್ದು ಬಿದ್ದು ನಕ್ಕ. "ಅರಿಶಿನ ಕತ್ತರಿಸ್ಕೊಂಡು, ನೆನೆಹಾಕ್ಕೊಂಡು, ಒಣಗೋವರೆಗೂ ಕಾಯ್ಕೊಂಡು ಕೂರೋಕೆ ನನಗೇನ್ ಹುಚ್ಚೇನಯ್ಯ? ಪೊಟ್ಟಣ ಲಾರೀಲಿ ಬರುತ್ತೆ, ಮೊಳೆಗೆ ತಗುಲಿಹಾಕ್ತೀನಿ, ಅಷ್ಟೆ. ನೀನೇ ಕೂರಿಸ್ಕೊಂಡು ಹೇಳ್ಕೊಟ್ರೂ ಆ ವಿದ್ಯೆ ನನಗೆ ಬೇಡ."

ವ್ಯಾಪಾರಿ ಹಿಂದಿರುಗಿದ. ಇಷ್ಟು ಸಲೀಸಾಗಿ ನಕ್ಕನೆಂದರೆ ಒಳಗೆ ಏನೋ ಇದೆ ಎಂದುಕೊಂಡೇ ಹಿಂದಿರುಗಿದ.

ಕೆಲವು ದಿನಗಳ ಮೇಲೆ ಒಬ್ಬ ತಾಯಿ ಮತ್ತು ಮಗಳು ದೂರದ ಊರಿನಿಂದ ಬಸ್ಸಿನಲ್ಲಿ ಬಂದರು. ಮಗಳ ಹಣೆಯ ನಡುವೆ ಕಪ್ಪು ಕಲೆ ಇತ್ತು. ಪೇಟೆಯ ಕುಂಕುಮ ಹಚ್ಚಿ ಆದದ್ದು. ಮುಂದಿನ ವಾರ ಅವಳ ಮದುವೆ. ಮದುವಣಗಿತ್ತಿಯ ಹಣೆಗೆ ಕುಂಕುಮ ಇಡದೆ ಇರುವಂತಿಲ್ಲ, ಇಟ್ಟರೆ ಉರಿ. ತಾಯಿ ಅದಕ್ಕಾಗಿ ತಿಂಗಳುಗಟ್ಟಲೆ ನಂಬುವಂಥ ಕುಂಕುಮ ಹುಡುಕಿದ್ದಳು.

"ಗಿಣಿ ಚಿತ್ರ ಹಾಕ್ಕೊಂಡು ಕೇಳ್ತಿದ್ದೋಳು ನಾನೇ ಸ್ವಾಮಿ" ಎಂದಳು. "ನೀವು ಬೈದ್ರಿ, ಇರ್ಲಿ. ಕಣ್ಣಾರೆ ನೋಡ್ಬಿಟ್ರೆ ಧೈರ್ಯವಾಗಿ ತಗೊಂಡ್ ಹೋಗ್ತೀನಿ. ಒಣಗೋಕೆ ಹಾಕಿರೋದನ್ನ ಒಂದ್ಸಲ ತೋರಿಸಿ."

ಹಿತ್ತಲ ಕೋಣೆಯಲ್ಲಿ ಅವತ್ತೂ ಚೂರುಗಳು ಒಣಗುತ್ತಿದ್ದವು. ಅರ್ಧ ಹಳದಿ, ಅರ್ಧ ಕೆಂಪು. ಅವಳಿಗೆ ಬೇಕಾದದ್ದು ಅಷ್ಟೇ, ನಾಲ್ಕು ಹೆಜ್ಜೆ ಒಳಗೆ. ವ್ಯಾಪಾರಿ ಹುಡುಗಿಯ ಹಣೆಯನ್ನು ನೋಡಿದ. ನಿಜವಾದ ಕಲೆಯೋ, ಬರೆದುಕೊಂಡು ಬಂದದ್ದೋ ಎಂದು ನೋಡಿದ. ಆಮೇಲೆ ಕೇಳಿದ:

"ನಿಮ್ಮನ್ನ ಇಲ್ಲಿಗೆ ಯಾರು ಕಳಿಸಿದ್ದು? ಮೊದ್ಲು ಅದನ್ನ ಹೇಳಿ."

"ಯಾರ್ ಕಳಿಸ್ತಾರೆ? ನಿಮ್ಮ ವಿಡಿಯೊ ನೋಡ್ಕೊಂಡೇ ಬಂದ್ವಿ" ಎಂದಳು ತಾಯಿ.

ಅವನು ಕದಲಲಿಲ್ಲ, ಬಾಗಿಲಿಗೆ ಅಡ್ಡ ನಿಂತೇ ಇದ್ದ. ಹುಡುಗಿ ಸೆರಗಿನಿಂದ ಹಣೆ ಮುಚ್ಚಿಕೊಂಡಳು. "ನಡಿಯಮ್ಮ" ಎಂದಳು. ಬರಿಗೈಯಲ್ಲಿ ಹೋಗುವ ಹಾಗಿರಲಿಲ್ಲ, ಮದುವೆ ಮನೆ. ಪಕ್ಕದ ಅಂಗಡಿಯ ಮೊಳೆಯಲ್ಲಿ ನೇತಾಡುತ್ತಿದ್ದ ಪೊಟ್ಟಣವನ್ನು ಕೊಂಡು ಬಸ್ಸು ಹತ್ತಿದರು. ಧಾರೆಯ ದಿನ ಆ ಹುಡುಗಿ ಹಣೆಯ ಉರಿಗೆ ಕಣ್ಣೀರು ಹಾಕುತ್ತ ಕೂತಿದ್ದಳು, ನೋಡಿದವರು ತವರು ಬಿಡುವ ದುಃಖ ಎಂದುಕೊಂಡರು. ಇದನ್ನು ಹೇಳುವಾಗ ನನಗೆ ಆ ವ್ಯಾಪಾರಿಗಿಂತ ಆ ಹುಡುಗಿಯ ಮೇಲೆ ಹೆಚ್ಚು ಮರುಕ ಹುಟ್ಟುತ್ತದೆ.

ಹೆಂಡತಿ ಕಾಡಿ ಬೇಡಿದ ಮೇಲೆ ವ್ಯಾಪಾರಿ ಪೂರ್ತಿ ವಿಡಿಯೊ ಮಾಡಿ ಹಾಕಿದ. ನಿಂಬೆ ಹಿಂಡುವುದರಿಂದ ಹಿಡಿದು ಕೆಂಪೇರುವವರೆಗೆ ಎಲ್ಲವನ್ನೂ ತೋರಿಸಿದ. ತೋರಿಸುವುದಕ್ಕೆಂದೇ ಒಂದು ತಟ್ಟೆ ಬೇರೆ ಮಾಡಿದ್ದಾನೆ ಎಂದು ಜನ ಅದನ್ನೂ ನಂಬದೆ ಮುಂದಕ್ಕೆ ಹೋದರು. ಅಂಗಡಿ ಮುಚ್ಚಿತು. ಹೆಂಡತಿ ಅವರಿವರ ಮದುವೆಗೆ ಅಡುಗೆ ಕೆಲಸಕ್ಕೆ ಹೋಗುತ್ತಾಳೆ. ಅವನು ಮಾತ್ರ ಇವತ್ತಿಗೂ ಪಕ್ಕದವನೇ ತನ್ನನ್ನು ಹಾಳು ಮಾಡಿದ ಎನ್ನುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು.

ಗುರುಮಲ್ಲು ಸ್ವಲ್ಪ ಹತ್ತಿರ ಸರಿದು, ತಗ್ಗಿದ ದನಿಯಲ್ಲಿ ಕೇಳಿದ: "ಬುದ್ಧಿ, ನನಗೂ ಆ ಗ್ರಂಧಿಗೆಯವನ ನಗು ಸರಿಬರಲಿಲ್ಲ. ಕೊನೆಗೂ ಕಳ್ಳ ಅವನೇ ತಾನೇ?"

"ಇಷ್ಟು ಹೊತ್ತು ಕೇಳಿದೆಯಲ್ಲ ಮಗು, ಈ ಕತೆಯಲ್ಲಿ ಕಳ್ಳ ಎಲ್ಲಿ ಬಂದ?" ಎಂದರು ಗುರುಗಳು.