ಸುಮ್ಮನಾಗದ ಕೊಳವೆ

"ಗುರುಗಳೇ, ನನಗೆ ಬೇರೆ ಜಾಗ ತೋರಿಸಿ. ಪಕ್ಕದ ಹಿಟ್ಟಿನ ಗಿರಣಿ ಬೆಳಗಿನಿಂದ ಒಂದೇ ಸಮ ಕೂಗುತ್ತದೆ. ಈ ಗದ್ದಲದಲ್ಲಿ ವಿದ್ಯೆ ಹತ್ತುತ್ತದೆಯೇ?" ಎಂದು ಮಡಿವಾಳ ಕೇಳಿದ. ಹಾರ್ಮೋನಿಯಂ ಕಲಿಯಲು ಬಂದು ಆರು ತಿಂಗಳಾಗಿತ್ತು. ಗಂಟುಮೂಟೆ ಕಟ್ಟುವುದೆಂದು ಆಗಲೇ ನಿಶ್ಚಯಿಸಿದ್ದ.

ರೇವಣಯ್ಯ ಗುರುಗಳು ಎಲೆಯಡಿಕೆಯ ಚೀಲ ಬದಿಗಿಟ್ಟು ಈ ಕತೆ ಹೇಳಿದರು.

ಜರ್ಮನಿ ದೇಶದಲ್ಲಿ ಒಬ್ಬ ವಾದಕನಿದ್ದ. ಅವನ ವಾದ್ಯ ಆರ್ಗನ್, ನಮ್ಮ ಹಾರ್ಮೋನಿಯಂನ ಮುತ್ತಜ್ಜ. ಗಾಳಿ ತುಂಬಿ ನುಡಿಯುವ ಕೊಳವೆಗಳೇ ಮೂರು ಸಾವಿರ. ದೊಡ್ಡದು ತೆಂಗಿನ ಮರಕ್ಕೆ ಸಮ. ಅದು ಒಮ್ಮೆ ಗುಂಯ್ ಎಂದರೆ ಮೂರು ಹರದಾರಿ ಆಚೆಯ ಹಸುಗಳು ತಾವಾಗಿ ಹಾಲಿಳಿಸುತ್ತಿದ್ದವು. ಸುಳ್ಳಲ್ಲ. ಸ್ವರಕ್ಕೊಂದರಂತೆ ಒತ್ತುವ ಮನೆಗಳು ಕೈಗೆ ನಾಲ್ಕು ಸಾಲು, ಕಾಲಿಗೂ ಒಂದು ಸಾಲು.

ಒಂದು ದೊಡ್ಡ ಚರ್ಚಿನಲ್ಲಿ ವಾದಕನ ಜಾಗ ಖಾಲಿಯಾಯಿತು. ಪರೀಕ್ಷೆಗೆ ಮೂವರು ಬಂದರು. ನಮ್ಮ ವಾದಕ ಮೂರನೆಯವನು, ರೊಟ್ಟಿ ಸುಡುವವನ ಮಗ. ಜಾಗ ಸಿಗದಿದ್ದರೆ ಮರುದಿನವೇ ಒಲೆಯ ಮುಂದೆ ಕೂರುತ್ತೇನೆ, ವಾದ್ಯದ ಹೆಸರೆತ್ತುವುದಿಲ್ಲ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದ.

ಅಂದು ತೇವದ ಹವೆ. ಒಂದು ಕೊಳವೆಯಲ್ಲಿ ಗಾಳಿ ತಡೆಯುವ ಮರದ ಒಳಬಾಗಿಲು ಉಬ್ಬಿ ಮುಚ್ಚಿಕೊಳ್ಳಲಿಲ್ಲ. ಯಾರೂ ಒತ್ತದಿದ್ದರೂ ಅದೊಂದು ಸ್ವರ ಕೂಗುತ್ತಲೇ ಇತ್ತು. ಮೊದಲನೆಯವನು, ರಿಪೇರಿಯಾದ ಮೇಲೆ ಬರುತ್ತೇನೆಂದು ಎದ್ದುಹೋದ. ಎರಡನೆಯವನು ಅದನ್ನು ಮುಳುಗಿಸಲು ಮಿಕ್ಕ ಕೊಳವೆಗಳನ್ನೆಲ್ಲ ಒಟ್ಟಿಗೆ ಅರಚಿಸಿದ. ಕಿಟಕಿಯ ಗಾಜು ಎರಡು ಉದುರಿದವು. ಕೊಳವೆ ಜಗ್ಗಲಿಲ್ಲ.

ಇವನು ಬೆಂಚಿನ ಮೇಲೆ ಕೂತ. ವರ್ಷವಿಡೀ ತಯಾರು ಮಾಡಿಕೊಂಡ ಕೃತಿಯ ಹಾಳೆ ಎದುರಿಗಿತ್ತು. ಅದಕ್ಕೂ ಈ ಕೂಗಿಗೂ ಹೊಂದುವಂತಿರಲಿಲ್ಲ. ಅಪ್ಪನ ಒಲೆಯ ಹೊಗೆ ಅಲ್ಲಿಗೇ ಬಂದು ಮೂಗಿಗೆ ಬಡಿದ ಹಾಗಾಯಿತು. ಕೈಗಳನ್ನು ತೊಡೆಯ ಮೇಲಿಟ್ಟು ಸುಮ್ಮನಾದ.

ಪರೀಕ್ಷೆ ಮಾಡಲು ಕೂತ ಹಿರಿಯರೊಬ್ಬರು ಕೆಳಗಿನಿಂದ ಗದರಿದರು: "ಏನಪ್ಪಾ, ನುಡಿಸಲು ಬಂದೆಯೋ, ನಿದ್ದೆ ಮಾಡಲು ಬಂದೆಯೋ?"

"ಇವನು ನನಗಿಂತ ಮೊದಲೇ ಶುರು ಮಾಡಿದ್ದಾನೆ, ಸ್ವಾಮಿ. ಏನು ಹೇಳುತ್ತಿದ್ದಾನೆಂದು ಕೇಳುತ್ತಿದ್ದೇನೆ," ಎಂದು ಅವನು ಕೂಗುವ ಕೊಳವೆಯತ್ತ ಕೈ ತೋರಿದ.

ಹಾಳೆ ಮಡಿಚಿ ಜೇಬಿಗಿಟ್ಟ. ಆ ಕೂಗನ್ನೇ ಆಧಾರದ ಷಡ್ಜವಾಗಿ ಹಿಡಿದು ನುಡಿಸತೊಡಗಿದ. ಅದು ಎಂಥ ನುಡಿಸಾಣಿಕೆ! ಗೋಪುರದ ಪಾರಿವಾಳಗಳು ಇಳಿದು ಬಂದು ಸಾಲಾಗಿ ಕೂತವು. ಗದರಿದ ಹಿರಿಯರ ಕಣ್ಣು ತುಂಬಿತು. ನಡುವೆ ಒಳಬಾಗಿಲ ತೇವ ಆರಿ ಕೊಳವೆ ತಟ್ಟನೆ ನಿಂತಿತು. "ಅಯ್ಯೋ, ಏನೋ ಕೆಟ್ಟಿತು!" ಎಂದು ಹಿರಿಯರೆಲ್ಲ ತಲೆಯೆತ್ತಿದರು. ಅವನು ಕಾಲಿನಿಂದ ಅದೇ ಸ್ವರದ ಮನೆಯನ್ನು ಒತ್ತಿ ಹಿಡಿದು ಮುಗಿಯುವವರೆಗೂ ಬಿಡಲಿಲ್ಲ.

ಜಾಗ ಅವನದಾಯಿತು. ನಲವತ್ತು ವರ್ಷ ಆ ಬೆಂಚನ್ನು ಬಿಟ್ಟು ಬೇರೆಡೆ ನುಡಿಸಲಿಲ್ಲ. ಅದೇ ಊರಿನ ದೊಡ್ಡ ಸಂಗೀತ ಶಾಲೆಯವರು ಕರೆದು ಪ್ರೊಫೆಸರ್ ಮಾಡಿದರು. ಏಳು ದೇಶಗಳಿಂದ ಶಿಷ್ಯರು ಬಂದರು. ಪಾಠದ ಕೋಣೆ ಯಾವುದಿರಲಿ ಎಂದು ಕೇಳಿದಾಗ ಅವನು ಗಂಟೆಗೋಪುರದ ಬುಡದ ಕೋಣೆಯನ್ನೇ ಆರಿಸಿಕೊಂಡ.

ಕತೆ ಮುಗಿಯಿತು. ಗೋಡೆಯಾಚೆ ಗಿರಣಿ ಕೂಗುತ್ತಲೇ ಇತ್ತು.

ಗುರುಗಳು ಮಡಿವಾಳನನ್ನು ಕೇಳಿದರು: "ಆರು ತಿಂಗಳಿಂದ ಕೇಳುತ್ತಿದ್ದೀಯಲ್ಲ, ಗಿರಣಿ ಯಾವ ಸ್ವರದಲ್ಲಿ ಕೂಗುತ್ತಿದೆ, ಹೇಳು?"