ಮೆಕ್ಕೆಜೋಳದ ಕೂದಲು ಕಿತ್ತ ಗೀಜಗ

ಮಕ್ಕಳೇ, ಒಂದು ಕುರುಚಲು ಕಾಡು. ಕಾಡಿನ ಅಂಚಿಗೆ ಒಂದು ಹಳೆಯ ಬಾವಿ, ಬಾವಿಯ ಮೇಲೆ ಬಾಗಿದ ಜಾಲಿಮರ. ಆ ಮರದಲ್ಲಿ ಗೀಜಪ್ಪನೆಂಬ ಗೀಜಗ ಗೂಡು ನೇಯುತ್ತಿದ್ದ. ನೇಯ್ಗೆಯಲ್ಲಿ ಅವನದು ಎತ್ತಿದ ಕೈ. ಆದರೆ ತಾಳ್ಮೆ? ಅಯ್ಯೋ, ಅದು ಅವನ ಹತ್ತಿರವೂ ಸುಳಿದದ್ದಿಲ್ಲ.

ಬಾವಿಯ ಪಕ್ಕದಲ್ಲಿ ಹನ್ನೆರಡು ಮೆಕ್ಕೆಜೋಳದ ಗಿಡಗಳಿದ್ದವು. ಅವು ತಾವಾಗಿ ಹುಟ್ಟಿದವಲ್ಲ. ಗಾಡಿಯಿಂದ ಬಿದ್ದ ತೆನೆಯೊಂದನ್ನು ದ್ಯಾಮಕ್ಕನೆಂಬ ಅಳಿಲು ಎಳೆದು ತಂದು, ಹೊಟ್ಟೆ ಹಸಿದಿದ್ದರೂ ಹನ್ನೆರಡು ಕಾಳು ಉಳಿಸಿ ಊರಿದ್ದಳು. ಈಗ ಅವಳಿಗೆ ಮೂರು ಮರಿ. ತೆನೆ ಹಾಲುದುಂಬುವ ಹೊತ್ತಿಗೆ ಮರಿಗಳಿಗೂ ಹಲ್ಲು ಬರುತ್ತದೆ ಎಂದು ದಿನ ಎಣಿಸುತ್ತಿದ್ದಳು.

"ದ್ಯಾಮಕ್ಕಾ, ಗೂಡಿಗೆ ಒಂದಿಷ್ಟು ಎಲೆ ಸೀಳಿಕೊಳ್ಳಲೇ?" ಎಂದ ಗೀಜಪ್ಪ.

"ಸೀಳಿಕೋ ಮಾರಾಯ. ತೆನೆ ಬಲಿತ ಮೇಲೆ ಸಿಪ್ಪೆಯೂ ನಿನಗೇ. ದಂಟು ದನಕ್ಕೆ, ದಿಂಡು ಒಲೆಗೆ, ಕಾಳು ಎಲ್ಲರಿಗೆ. ಈ ಗಿಡದಲ್ಲಿ ಬಿಸಾಡುವಂಥದ್ದು ಏನೂ ಇಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಇದು ಈ ಕಡೆಯದೇ ಅಲ್ಲವಂತೆ, ಗೊತ್ತಾ? ಸಮುದ್ರದಾಚೆ ಎಲ್ಲೋ ಬರೀ ಹುಲ್ಲಾಗಿತ್ತಂತೆ. ಕಿರುಬೆರಳಷ್ಟು ತೆನೆ, ಕಲ್ಲಿನಂಥ ಎಂಟು ಹತ್ತು ಕಾಳು. ಅಲ್ಲಿಯ ಜನ ಒಳ್ಳೆಯ ಕಾಳನ್ನು ತಿನ್ನದೆ ಬೀಜಕ್ಕೆ ಎತ್ತಿಟ್ಟು, ಬಿತ್ತಿ ಬಿತ್ತಿ, ತಲೆತಲಾಂತರ ಕಾದರಂತೆ. ಆಮೇಲೆ ಈ ಗೇಣುದ್ದದ ತೆನೆ! ಈಗ ಪಾಪ, ಎಷ್ಟು ಬಟ್ಟೆ ಸುತ್ತಿಕೊಂಡಿದೆ ಅಂದರೆ ತನ್ನ ಬೀಜ ತಾನೇ ಉದುರಿಸಲಾರದು. ಯಾರಾದರೂ ಸುಲಿದು ಬಿತ್ತಬೇಕು."

ಗೀಜಪ್ಪನ ಕಿವಿ ಇತ್ತ ಇರಲಿಲ್ಲ. ಅವನ ಕಣ್ಣೆಲ್ಲ ತೆನೆಯ ತುದಿಯಲ್ಲಿ ಹೊಳೆಯುವ ನುಣುಪಾದ ಕೂದಲಿನ ಮೇಲೆ.

"ಅಕ್ಕಾ, ಆ ಕೂದಲು?"

"ಅದನ್ನು ಮಾತ್ರ ಈಗ ಮುಟ್ಟಬೇಡಪ್ಪ! ಒಂದೊಂದು ಕೂದಲೂ ಒಳಗಿನ ಒಂದೊಂದು ಕಾಳಿನದು. ಗಿಡದ ತುದಿಯ ಹೂವಿನ ಪುಡಿ ಅದರ ಮೇಲೆ ಬಿದ್ದರೇನೇ ಕಾಳು ಕಟ್ಟುವುದು. ಹದಿನೈದು ದಿನ ತಡಿ. ಕಂದಾಗಿ ಒಣಗಲಿ, ಅಷ್ಟನ್ನೂ ತಗೊಂಡು ಹೋಗು."

ಹದಿನೈದು ದಿನ! ನಾಳೆಯೇ ಚೆನ್ನಿ ಎಂಬ ಹೆಣ್ಣು ಗೀಜಗ, ಜೋಡಿಯಾಗುವ ಮೊದಲು ಗೂಡು ನೋಡಲು ಬರುವವಳಿದ್ದಳು. ಜಾಲಿಯಲ್ಲಿ ಬೇರೆ ಗೀಜಗಗಳ ಇನ್ನೂ ಆರು ಗೂಡುಗಳು ತೂಗುತ್ತಿದ್ದವು. ಅವಳು ಬೇರೆ ಗೂಡು ಒಪ್ಪಿಬಿಟ್ಟರೆ?

'ಕಾಳು ಒಳಗೆ, ಕೂದಲು ಹೊರಗೆ. ಇದನ್ನು ಕಿತ್ತರೆ ಅದಕ್ಕೇನಾದೀತು? ಎಲ್ಲಾ ಅಳಿಲಜ್ಜಿಯ ಕಟ್ಟುಕತೆ' ಎಂದುಕೊಂಡ.

ಮರುದಿನ ಬೆಳಿಗ್ಗೆ ದ್ಯಾಮಕ್ಕ ಅತ್ತ ಹೋದದ್ದೇ ತಡ, ಇವನು ಇತ್ತ ಹನ್ನೊಂದು ಗಿಡದ ಕೂದಲನ್ನೂ ಬುಡಸಮೇತ ಕಿತ್ತು ಗೂಡಿಗೆ ಹಾಸಿದ. ಹನ್ನೆರಡನೆಯ ಗಿಡ ಕುಳ್ಳು. ಅದಕ್ಕೆ ಕೂದಲು ಇನ್ನೂ ಬಂದಿರಲಿಲ್ಲ. ಅದಕ್ಕೇ ಉಳಿಯಿತು.

ವಾಪಸು ಬಂದ ದ್ಯಾಮಕ್ಕ ಬೋಳಾದ ತೆನೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ಕಿತ್ತುಬಿಟ್ಟೆಯಾ ಗೀಜಪ್ಪಾ?"

"ತೆನೆ ಹಾಗೇ ಇದೆಯಲ್ಲ ಅಕ್ಕಾ, ನೋಡು ಬೇಕಾದರೆ!"

ದ್ಯಾಮಕ್ಕ ಉಳಿದ ಕುಳ್ಳು ಗಿಡದ ಬುಡಕ್ಕೆ ಮಣ್ಣು ಏರಿಸತೊಡಗಿದಳು.

ಚೆನ್ನಿ ಬಂದಳು, ಒಳಗೆ ಹೊಕ್ಕಳು, "ಆಹಾ, ಎಷ್ಟು ಮೆತ್ತಗಿದೆ!" ಎಂದು ಆ ಗೂಡನ್ನೇ ಒಪ್ಪಿದಳು. ಮೊಟ್ಟೆಯಾಯಿತು, ಮೂರು ಮರಿಯಾದವು. ಆಗಲೇ ಜಡಿಮಳೆ ಹಿಡಿಯಿತು. ಒಂದು ವಾರ ಒಂದು ಹುಳವಿಲ್ಲ, ಒಂದು ಹುಲ್ಲುಕಾಳಿಲ್ಲ. ಮರಿಗಳು ಬಾಯಿ ತೆರೆದು ಚೀರತೊಡಗಿದವು.

ಗೀಜಪ್ಪ ಮಳೆಯಲ್ಲಿ ನೆನೆಯುತ್ತಲೇ ದ್ಯಾಮಕ್ಕನ ಬಳಿ ಹಾರಿಬಂದ. "ಅಕ್ಕಾ, ನಾಲ್ಕು ಕಾಳು ಕೊಡು. ಮರಿಗಳು ಉಳಿಯುವುದಿಲ್ಲ!"

"ನನ್ನವೂ ಹಸಿದಿವೆ. ಬಾ, ಸುಲಿಯೋಣ."

ಮೊದಲ ತೆನೆ ಸುಲಿದರು. ಹೊರಗೆ ದುಂಡಗಿತ್ತು, ಒಳಗೆ ಹಲ್ಲುದುರಿದ ಬೋಳು ಒಸಡು. ಎರಡನೆಯದೂ ಅಷ್ಟೇ. ಹನ್ನೊಂದೂ ಅಷ್ಟೇ. ಅಳಿಲುಮರಿಗಳು ಒಮ್ಮೆ ತೆನೆಯನ್ನು, ಒಮ್ಮೆ ಅಮ್ಮನನ್ನು ನೋಡಿದವು. ಗೀಜಪ್ಪನಿಗೆ ನೆಲ ಬಿರಿಯಬಾರದೇ ಅನ್ನಿಸಿತು.

"ಬೈದುಬಿಡು ಅಕ್ಕಾ."

"ಬೈದರೆ ಕಾಳು ಬರುತ್ತದೇನೋ?" ಎನ್ನುತ್ತಾ ದ್ಯಾಮಕ್ಕ ಕುಳ್ಳು ಗಿಡದ ತೆನೆಯನ್ನು ಗಿಡದಲ್ಲೇ ಬಿಟ್ಟು ಸುಲಿದಳು. ಅದೊಂದರಲ್ಲಿ ಸಾಲುಸಾಲು ಕಾಳು! ಅವಳು ಒಂದಿಷ್ಟು ತನ್ನ ಮರಿಗಳಿಗೆ, ಒಂದಿಷ್ಟು ಗೀಜಪ್ಪನ ಮರಿಗಳಿಗೆ ಬಿಡಿಸಿದಳು. ಎರಡು ಸಾಲು ಮುಟ್ಟಲಿಲ್ಲ.

"ಇದು ಬಲಿಯಲಿ. ಬೀಜಕ್ಕೆ."

"ನಮಗೆ?"

"ನಾವು ದೊಡ್ಡವರು. ತಡೆಯೋಣ."

ಗೀಜಪ್ಪ ಆ ಹಾಲುಗಾಳನ್ನು ಮರಿಗಳ ಬಾಯಿಗಿಟ್ಟ. ಅವು ಗುಟುಕ್ಕನೆ ನುಂಗಿ ಇನ್ನೂ ಬೇಕೆಂದವು. ಇನ್ನಿರಲಿಲ್ಲ. ಕೇಳಿ ಕೇಳಿ ಸೋತು, ಮೆತ್ತನೆಯ ಹಾಸಿಗೆಯಲ್ಲಿ ಮುದುರಿಕೊಂಡವು.

ಗೂಡಿನ ಬಾಯಲ್ಲಿ ಕೂತು ಗೀಜಪ್ಪ ಆ ಹಾಸಿಗೆಯ ಕೂದಲನ್ನು ಎಣಿಸಿದ. ಒಂದು ಕಾಳು, ಎರಡು ಕಾಳು, ಮೂರು ಕಾಳು... ಎಣಿಸಿದಷ್ಟೂ ಮುಗಿಯಲಿಲ್ಲ. ಅವನ ಮರಿಗಳು ತಮ್ಮ ಊಟದ ಮೇಲೆಯೇ ಹಸಿದು ಮಲಗಿದ್ದವು.

ನೀತಿ: ಬೆಳೆಯುವುದನ್ನು ಬೆಳೆಯಲು ಬಿಡದೆ ಆತುರಪಟ್ಟು ಕಿತ್ತವನು ತನ್ನ ಮಕ್ಕಳ ತುತ್ತನ್ನೇ ಕೀಳುತ್ತಾನೆ.