ಮಾರಕ್ಕಜ್ಜಿ ಕೋಣೆಗೆ ಕೇಬಲ್ ಎಳೆದದ್ದು

ಒಬ್ಬಳು ತಾಯಿ, ಒಬ್ಬ ಮಗ. ತಾಯಿ ಪಾಲಮ್ಮ, ಮಗ ತಿಪ್ಪೇಶಿ. ಮೈಯಲ್ಲಿ ಕೋಣನ ಶಕ್ತಿ, ತಲೆ ಮಾತ್ರ ಖಾಲಿ. ಹೇಳಿದ್ದು ಹೇಳಿದ ಹಾಗೇ ಮಾಡೋ ಮಗ ಸಿಗೋದು ಪುಣ್ಯ ಅಂತೀರಾ? ಪಾಲಮ್ಮನ್ನ ಕೇಳಿ ನೋಡಿ! "ಯಾವ ಜನ್ಮದ ಪಾಪಾನೋ ನನ್ನದು" ಅಂತ ದಿನಾ ಹಣೆ ಹಣೆ ಚಚ್ಚಿಕೊಳ್ಳೋಳು.

ಆ ಮನೇಲಿ ಮಾರಕ್ಕಜ್ಜಿ ಸೊಂಟ ಮುರ್ಕೊಂಡು ಒಳಕೋಣೇಲಿ ಮಲಗಿದ್ದಳು. ಟಿವಿ ಇರೋದು ನಡುಮನೇಲಿ. ಅವತ್ತು ಸಂಜೆ ಊರಿನ ಕೇಬಲ್ ಚಾನೆಲ್ಲಲ್ಲಿ ತಿಪ್ಪೇಶಿಯ ತಂಗಿ ಅನಸೂಯ ಸೋಬಾನೆ ಹಾಡೋಳಿದ್ದಳು, ಅಜ್ಜಿಯೇ ಕಲಿಸಿದ ಹಾಡು. "ಕಣ್ಣು ಮುಚ್ಚೋದ್ರೊಳಗೆ ಕೂಸು ಹಾಡೋದನ್ನ ಒಂದ್ಸಲ ನೋಡ್ಬೇಕು ಕಣೇ ಪಾಲಿ" ಅಂತ ಅಜ್ಜಿ ಬೆಳಗ್ಗಿಂದ ಒಂದೇ ಜಪ. ಒಳಕೋಣೆಗೆ ವೈರು ಎಳೆಯೋ ಕೇಬಲ್ಲಿನವನೋ, ನಾಳೆ ಬರ್ತೀನಿ ಅಂದುಬಿಟ್ಟ. ಇನ್ನು ತಿಪ್ಪೇಶಿಯೇ ಗತಿ!

"ಮಗಾ, ಟಿವಿ ಅಜ್ಜಿ ಕೋಣೇಲಿ ಇಡೋಣ. ಅಂಗಡಿಗೆ ಹೋಗಿ ಉದ್ದದ ಕೇಬಲ್ ವೈರು ತಾ. ಪಿನ್ನಿರೋ ತುದಿ ಜೋಪಾನ!"

ತಂದ. ಹೆಂಗೆ ತಂದ? ಪಿನ್ನಿರೋ ತುದೀನ ಎದೆಗೆ ಅವುಚಿಕೊಂಡು, ಮಿಕ್ಕಿದ್ದನ್ನ ಪೇಟೆ ಉದ್ದಕ್ಕೂ ದರದರ ಎಳ್ಕೊಂಡು ತಂದ! ಚರಂಡಿ ಕೆಸರೆಲ್ಲ ವೈರಿಗೆ.

"ಅಯ್ಯೋ ನಿನ್ನ ಬುದ್ಧಿಗಿಷ್ಟು! ಉದ್ದ ಇರೋದನ್ನ ಹೆಗಲಿಗೆ ನೇತು ಹಾಕ್ಕೊಂಡು ಬರ್ಬೇಕು ಕಣೋ!"

"ಹಂಗೇ ಆಗ್ಲಿ ಕಣವ್ವ!"

ವೈರನ್ನ ಒರೆಸಿ ಸುರುಳಿ ಸುತ್ತಿಟ್ಟು, ಪಾಲಮ್ಮ ಅಂದಳು: "ಬಾಗಿಲ ಮೇಲಿಂದ ದಾಟಿಸ್ಬೇಕು. ಪಕ್ಕದ ಮನೆ ಏಣಿ ತಾ ಹೋಗು."

ಏಣಿಯೂ ಉದ್ದವೇ ಅಲ್ವಾ! ಮೆಟ್ಟಿಲ ಸಂದಿಗೆ ತಲೆ ತೂರಿಸಿ ಹೆಗಲಿಗೆ ನೇತು ಹಾಕ್ಕೊಂಡ, ಅಡ್ಡಡ್ಡ ಬಂದ. ಬಾಗಿಲಿಗೆ ದಡ್! ಹಿಂದಕ್ಕೆ ಹೋಗಿ ಬಂದ, ಮತ್ತೆ ದಡ್! ಏಣಿ ಎರಡು ತುಂಡಾಗಿ ಬಿತ್ತು.

"ಹಾಳಾದವನೇ! ಜಾಗ ಸಾಲದಿದ್ರೆ ಮೊದ್ಲು ಜಾಗ ದೊಡ್ಡದು ಮಾಡ್ಕೋಬೇಕು, ಆಮೇಲೆ ತೂರಿಸ್ಬೇಕು!"

"ಹಂಗೇ ಆಗ್ಲಿ ಕಣವ್ವ!"

"ಏಣಿ ಸುದ್ದಿ ಬಿಡು. ನಡುವಿನ ಗೋಡೇಲಿ ಒಂದು ತೂತು ಮಾಡಿ ವೈರು ಆಚೆಗೆ ತೂರಿಸು" ಅಂತ ಹೇಳಿ ಅವಳು ರೊಟ್ಟಿ ತಟ್ಟೋಕೆ ಹೋದಳು.

ತಿಪ್ಪೇಶಿ ಬೆರಳು ಹೋಗೋವಷ್ಟು ತೂತು ಮಾಡಿದ. ವೈರಿನ ಸುರುಳಿ ಇಟ್ಟು ನೋಡಿದ, ತೂರಲಿಲ್ಲ. ಜಾಗ ದೊಡ್ಡದು ಮಾಡಿದ. ಆಗಲೂ ತೂರಲಿಲ್ಲ. ಹಾರೆ ತಂದ! ಮಣ್ಣಿನ ಗೋಡೆ, ಎಷ್ಟು ತಡೆದೀತು? ಪಾಲಮ್ಮ ಓಡಿ ಬಂದು ನೋಡ್ತಾಳೆ, ಸುರುಳಿ ಅಜ್ಜಿ ಪಕ್ಕದಲ್ಲಿ ಬಿದ್ದೈತೆ, ಗೋಡೇಲಿ ಕುರಿ ನುಗ್ಗೋವಷ್ಟು ಕಿಂಡಿ!

"ಮನೆ ಹಾಳು ಮಾಡಿದ್ಯಲ್ಲೋ! ಅಜ್ಜಿಗೆ ಗಾಳಿ ತಾಗುತ್ತೆ, ಮುಚ್ಚೋ! ಸರಿಯಾಗಿ ಕೂರೋ ಸಾಮಾನು ಯಾವುದಿದ್ರೂ ಎತ್ತಿ ತುರುಕು!"

ಮನೆಯೆಲ್ಲ ಹುಡುಕಿದ. ಬಿಂದಿಗೆ ಸಣ್ಣದು, ಟ್ರಂಕು ದೊಡ್ಡದು. ಸರಿಯಾಗಿ ಕೂತದ್ದು ಒಂದೇ, ಹಳೇ ಡಬ್ಬಾ ಟಿವಿ! ಮುಖ ಅಜ್ಜಿ ಕಡೆ, ಬೆನ್ನು ನಡುಮನೆ ಕಡೆ. ಹಳೇ ವೈರು ಕಳಚಿರಲಿಲ್ಲ, ಸ್ವಿಚ್ಚೂ ಆರಿಸಿರಲಿಲ್ಲ, ಟಿವಿ ಓಡ್ತಾನೇ ಇತ್ತು.

ಪಾಲಮ್ಮ ಬಯ್ಯೋಕೆ ಬಾಯಿ ತೆಗೆದಳು. ಅಷ್ಟರಲ್ಲಿ ಅಜ್ಜಿ ಕೂಗಿದಳು, "ಬಾರೇ ಪಾಲೀ, ಕೂಸು ಬಂತು!" ಬೈಗುಳ ಮರೆತು ಓಡಿ ಹೋಗಿ ಮಂಚದ ಮೇಲೆ ಕೂತಳು. ಅನಸೂಯ ಹಾಡಿದಳು. ಅಜ್ಜಿಯೂ ಬೊಚ್ಚುಬಾಯಲ್ಲಿ ಜೊತೆಗೆ ಹಾಡಿದಳು. "ಒಂದು ಸಾಲೂ ತಪ್ಪಲಿಲ್ಲ ಕಣೇ!" ಅಂತ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಇಬ್ಬರಿಗೂ ಸಂತೋಷಕ್ಕೆ ಅಳುವೇ ಬಂದುಬಿಡ್ತು.

"ಇನ್ನೊಂದು ಹಾಡಮ್ಮ" ಅಂದರು ಟಿವಿಯವರು. ಅನಸೂಯ ಕೆಮ್ಮಿದಳು.

"ಅಯ್ಯೋ, ಗಂಟಲು ಒಣಗೈತೆ ಕೂಸಿಗೆ! ಒಂದು ಲೋಟ ನೀರು ಕೊಡೋರಿಲ್ವೇನ್ರೋ ಅಲ್ಲಿ?" ಅಂದಳು ಅಜ್ಜಿ.

ನಡುಮನೇಲಿದ್ದ ತಿಪ್ಪೇಶಿಗೆ ಕೇಳಿಸ್ತು. ತಂಗಿ ಅಂದ್ರೆ ಪ್ರಾಣ ಅವನಿಗೆ. ದೊಡ್ಡ ಲೋಟದ ತುಂಬ ತಣ್ಣೀರು ತಂದ. ಟಿವಿ ಬೆನ್ನಿನ ಸಂದಿಯೊಳಗೆ ನಿಧಾನಕ್ಕೆ ಸುರಿದ.

ಟಪ್! ಟಿವಿ ಆರಿತು. ಕೋಣೆಯೆಲ್ಲ ಕತ್ತಲು.

"ತಿಪ್ಪೇಶೀ! ಏನೋ ಮಾಡ್ದೆ?"

"ಶ್, ಮೆಲ್ಲಗವ್ವ! ಪಾಪ, ಒಂದು ತೊಟ್ಟೂ ಬಿಡದೆ ಕುಡಿದು, ದೀಪ ಆರಿಸಿ ಈಗ ತಾನೆ ಮಲಗಿದ್ಲು."